ಗಾಜಿನ ಮೇಲಿನ ಬೆಳಕು

ನಮ್ಮೂರು ಸಾನ್ ಎವಾರಿಸ್ಟೊದ ಬಸ್ ನಿಲ್ದಾಣದಲ್ಲಿ ಇಳಿದರೆ, ಟಿಕೆಟ್ ಕಿಟಕಿಯ ಪಕ್ಕದಲ್ಲೇ ಕೆಂಡದ ಮೇಲೆ ಬಾಳೆಕಾಯಿ ಸುಡುತ್ತಾ ಕೂತ ಒಬ್ಬ ಮುದುಕ ಕಾಣುತ್ತಾನೆ. ಅವನೇ ಪೊಲಿಕಾರ್ಪೊ. ನನಗಿಂತ ದೊಡ್ಡವನು, ಆದ್ದರಿಂದ ನನಗೆ ನೊಂಗ್ ಕಾರ್ಪೊ. ನಮ್ಮ ನೆಗ್ರೊಸ್ ದ್ವೀಪದಲ್ಲಿ ಅಣ್ಣನಂಥವರನ್ನು ನೊಂಗ್, ಅಕ್ಕನಂಥವರನ್ನು ನಾಂಗ್ ಅನ್ನದೆ ಬರೀ ಹೆಸರು ಹಿಡಿದು ಕರೆದರೆ ಬೆನ್ನಿಗೆ ಗುದ್ದು ಬೀಳುತ್ತದೆ. ಊರಿನವರು ಅವನ ಬಾಳೆಕಾಯಿ ತಿನ್ನುತ್ತಾರೆ, ನಾಲ್ಕು ಹೆಜ್ಜೆ ಆಚೆ ಹೋಗಿ ಅವನನ್ನು ಸುಳ್ಳುಗಾರ ಎನ್ನುತ್ತಾರೆ. ದೇವರ ಹೆಸರಿನಲ್ಲಿ ಮೋಸ ಮಾಡಿದವನು, ಬದುಕಿರುವಾಗಲೇ ಶವಪೆಟ್ಟಿಗೆಯಲ್ಲಿ ಮಲಗಿದ ಅಪಶಕುನದ ಮನುಷ್ಯ ಎನ್ನುತ್ತಾರೆ. ಅನ್ನಲಿ. ಹಾಗೆ ಅನ್ನುವವರಲ್ಲಿ ಅರ್ಧ ಜನ ಆ ಮೋಸವನ್ನೇ ಕೈಮುಗಿದು ಕೇಳಿಕೊಂಡು ಹೋದವರು. ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ನನಗೆ ಈ ಜನರ ಮಾತು ಕೇಳಿದರೆ ಮೈ ಉರಿಯುತ್ತದೆ.

ನಾನು ಸೊಲೆದಾದ್, ಊರಿಗೆಲ್ಲ ನಾಂಗ್ ಸೋಲಿಂಗ್. ಇಲ್ಲಿಯ ಒಂದೇ ಒಂದು ಶವಪೆಟ್ಟಿಗೆ ಅಂಗಡಿಯಲ್ಲಿ ಸತ್ತವರ ಮುಖ ತಿದ್ದುವುದು ನನ್ನ ಕೆಲಸ. ತಲೆ ಬಾಚುತ್ತೇನೆ, ಗಡ್ಡ ಹೆರೆಯುತ್ತೇನೆ, ತುಟಿಗೆ ಬಣ್ಣ ಹಚ್ಚುತ್ತೇನೆ, ಗಾಯವಿದ್ದರೆ ಮೇಣ ತುಂಬಿ ಮಟ್ಟ ಮಾಡುತ್ತೇನೆ. ಆಗ ಕಾರ್ಪೊ ಊರಿನ ಫೋಟೊಗ್ರಾಫರು; ನನ್ನ ಕೈ ದಾಟಿ ಹೋದವರೆಲ್ಲ ಆಮೇಲೆ ಅವನ ಕ್ಯಾಮೆರಾಕ್ಕೆ ಸಿಗುತ್ತಿದ್ದರು. ಹಾಗಾಗಿ ನಮ್ಮಿಬ್ಬರದು ಬಹಳ ಹಳೆಯ ಜಗಳ.

ನಮ್ಮಲ್ಲಿ ಸತ್ತವರನ್ನು ಗಡಿಬಿಡಿಯಲ್ಲಿ ಮಣ್ಣು ಮಾಡುವುದಿಲ್ಲ. ವಾರವೋ ಹತ್ತು ದಿನವೋ ಮನೆಯ ನಡುವೆಯೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಬಂದವರಿಗೆ ಕಾಫಿ ಬಿಸ್ಕತ್ತು ಕೊಟ್ಟು, ಇಸ್ಪೀಟು ಆಡಿಸಿ ಕಾಯುತ್ತೇವೆ. ಪೆಟ್ಟಿಗೆಯ ಮೇಲರ್ಧದ ಮುಚ್ಚಳ ತೆರೆದಿರುತ್ತದೆ, ಅದರಡಿ ಒಂದು ಗಾಜು, ಗಾಜಿನಡಿ ಮುಖ. ಆ ಗಾಜಿನ ಮೇಲೆ ಕಣ್ಣೀರು ಬೀಳಬಾರದು. ಬಿದ್ದರೆ ಸತ್ತವರಿಗೆ ದಾರಿ ಸಾಗುವುದಿಲ್ಲ. ಪ್ರತಿ ಮನೆಯಲ್ಲೂ ಒಬ್ಬರಾದರೂ ಕುವೈತಿನಲ್ಲೋ, ಹಾಂಗ್‌ಕಾಂಗಿನಲ್ಲೋ, ಯಾವುದೋ ಹಡಗಿನಲ್ಲೋ ದುಡಿಯುತ್ತಿರುತ್ತಾರೆ. ಯಜಮಾನ ರಜೆ ಕೊಡುವುದಿಲ್ಲ, ಪಾಸ್‌ಪೋರ್ಟು ಅವನ ಬೀರುವಿನಲ್ಲಿರುತ್ತದೆ. ಅಂಥವರಿಗೆ ಕಳಿಸಲು ಮುಖದ ಫೋಟೊ ಬೇಕು. ಅವರ ಪಾಲಿನ ಅಂತ್ಯಕ್ರಿಯೆ ಅಷ್ಟೇ.

ಆ ಫೋಟೊ ತೆಗೆಯುವುದು ಹುಡುಗಾಟವಲ್ಲ. ಪೆಟ್ಟಿಗೆ ನೆಲಕ್ಕೆ ಮಟ್ಟವಾಗಿರುತ್ತದೆ, ಮುಖ ಪೂರ್ತಿ ಬರಬೇಕೆಂದರೆ ಸ್ಟೂಲಿನ ಮೇಲೆ ನಿಂತು ಮೇಲಿನಿಂದ ತೆಗೆಯಬೇಕು. ಮನೆಯೊಳಗೆ ಕತ್ತಲೆ, ಫ್ಲ್ಯಾಶ್ ಇಲ್ಲದೆ ಆಗದು. ಫ್ಲ್ಯಾಶ್ ನೇರವಾಗಿ ಹೊಡೆದರೆ ಗಾಜಿಗೆ ತಾಗಿ ಬೆಳಕು ವಾಪಸು ಬರುತ್ತದೆ. ಫೋಟೊದಲ್ಲಿ ಅಂಗಿ ಇರುತ್ತದೆ, ಕೈಯಲ್ಲಿ ಜಪಮಾಲೆ ಇರುತ್ತದೆ, ಮುಖ ಇರಬೇಕಾದ ಜಾಗದಲ್ಲಿ ಬಿಳಿ ಕಲೆ ಇರುತ್ತದೆ. ನೆಂಟರಿಷ್ಟರು ಸಣ್ಣ ಕ್ಯಾಮೆರಾದಲ್ಲಿ ತೆಗೆದದ್ದೆಲ್ಲ ಹಾಗೇ. ಕಾರ್ಪೊ ಹಾಗಲ್ಲ. ಗಾಜಿನಲ್ಲಿ ತನ್ನ ಬಿಂಬ ಬೀಳಬಾರದೆಂದು ಕಪ್ಪು ಅಂಗಿಯನ್ನೇ ಹಾಕುತ್ತಿದ್ದ. ಮಂಚಕ್ಕೆ ಹಾಸುವ ಒಂದು ಬಿಳಿ ಹೊದಿಕೆ ತರುತ್ತಿದ್ದ, ಅದನ್ನು ಪೆಟ್ಟಿಗೆಯ ಪಕ್ಕಕ್ಕೆ ಪರದೆಯಂತೆ ಹಿಡಿದುಕೊಳ್ಳಲು ಹೇಳುತ್ತಿದ್ದ. ಫ್ಲ್ಯಾಶಿನ ತಲೆಯನ್ನು ಆ ಹೊದಿಕೆಯ ಕಡೆಗೆ ತಿರುಗಿಸಿ, ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿ, ಒಂಚೂರು ಓರೆಯಾಗಿ ನಿಂತು ತೆಗೆಯುತ್ತಿದ್ದ. ಬೆಳಕು ಬಟ್ಟೆಗೆ ತಾಗಿ ಪಕ್ಕದಿಂದ ಮುಖದ ಮೇಲೆ ಮೆತ್ತಗೆ ಬೀಳುತ್ತಿತ್ತು. ಗಾಜು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ.

ಜಗಳ ಬರುತ್ತಿದ್ದುದು ನನ್ನ ಪೌಡರಿನ ವಿಷಯಕ್ಕೆ. ಕಣ್ಣಿಗೆ ಸರಿಯಾಗಿ ಕಾಣುವ ಪೌಡರು ಫ್ಲ್ಯಾಶ್ ಬಿದ್ದರೆ ಬೂದಿ ಬಳಿದಂತೆ ಬೆಳ್ಳಗೆ ಏಳುತ್ತದೆ.

"ಏನೇ ಸೋಲಿಂಗ್, ಮುಖಕ್ಕೆ ಪೌಡರ್ ಹಾಕಿದೀಯೋ, ಮೀನು ಹುರಿಯೋಕೆ ಹಿಟ್ಟಲ್ಲಿ ಹೊರಳಿಸಿದೀಯೋ?"

"ನೆಟ್ಟಗೇ ಇದೆ ಕಣೋ ನೊಂಗ್. ನಿನ್ನ ಡಬ್ಬಕ್ಕೆ ಕಾಣ್ದಿದ್ರೆ ಡಬ್ಬ ರಿಪೇರಿ ಮಾಡಿಸು."

"ದೂರದಲ್ಲಿ ಕೂತಿರೋ ಮಗಳು ನೋಡೋದು ಈ ಡಬ್ಬದಿಂದಾನೇ. ಒರೆಸು, ಒರೆಸು. ಅವಳಪ್ಪನ್ನ ದೆವ್ವ ಮಾಡಿ ಕಳಿಸ್ಬೇಡ."

ಬಾಯಿಗೆ ಬಂದ ಹಾಗೆ ಬೈಯುತ್ತಾ ಒರೆಸುತ್ತಿದ್ದೆ. ಆದರೆ ಅವನು ಹೇಳುತ್ತಿದ್ದುದು ಸರಿಯೇ. ನಾನು ಮುಖ ತಿದ್ದುವುದು ಎದುರಿಗೆ ಬಂದವರಿಗೆ, ಅವನು ತೆಗೆಯುವುದು ಬರಲಾಗದವರಿಗೆ. ಅವನ ಹೆಂಡತಿ ಹೆರಿಗೆಯಲ್ಲಿ ಸತ್ತಾಗ ಅವನು ಹಡಗಿನ ಅಡುಗೆಮನೆಯಲ್ಲಿದ್ದನಂತೆ. ಯಾರೋ ಕಳಿಸಿದ ಫೋಟೊದಲ್ಲಿ ಮುಖ ಇರಲಿಲ್ಲವಂತೆ. ಒಂದೇ ಸಲ ಹೇಳಿದ್ದ, ಅದೂ ಕುಡಿದಾಗ. ಮತ್ತೆ ಮದುವೆಯಾಗಲಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅವನ ಕೆಲಸ ಹಗುರಾಯಿತು ಎಂದುಕೊಂಡೆವು. ರೀಲು ತೊಳೆಸುವ ಗೋಳಿಲ್ಲ, ತೆಗೆದದ್ದು ಆಗಲೇ ಹಿಂಭಾಗದ ಸ್ಕ್ರೀನಿನಲ್ಲಿ ಕಾಣುತ್ತದೆ. ಆದರೆ ಅವನಿಗೆ ಕಂಡದ್ದು ಎಲ್ಲರಿಗೂ ಕಾಣುತ್ತದಲ್ಲ! ಮೊದಲೆಲ್ಲ ಫೋಟೊ ಬಂದ ಮೇಲೆ ನೋಡುತ್ತಿದ್ದ ಜನ ಈಗ ಅವನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡು ನಿಲ್ಲುತ್ತಿದ್ದರು. ಅದು ಬೇಡ, ಇದು ಇರಲಿ, ನಾನು ದಪ್ಪ ಕಂಡಿದ್ದೇನೆ, ಇನ್ನೊಂದು ತೆಗಿ. ಎಲ್ಲ ಅನಾಹುತಕ್ಕೂ ಆ ಸಣ್ಣ ಸ್ಕ್ರೀನೇ ಕಾರಣ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಬ್ಬು ಕಡಿಯುವ ಕಾಲ. ನಮ್ಮ ಕೇರಿಯ ಜೊವೆನ್ ಎಂಬ ಹುಡುಗ, ಹತ್ತೊಂಬತ್ತರ ಪ್ರಾಯ, ಸಕ್ಕರೆ ಮಿಲ್ಲಿನ ತಿರುವಿನಲ್ಲಿ ಕಬ್ಬಿನ ಲಾರಿಗೆ ಸಿಕ್ಕಿಬಿದ್ದ. ಬೈಕು ಅವನದಲ್ಲ, ಜೊತೆಗೆ ಕೆಲಸ ಮಾಡುತ್ತಿದ್ದ ಯಾವುದೋ ಪರ ಊರಿನ ಹುಡುಗನದು. ಮೈಮೇಲಿದ್ದ ಅಂಗಿಯೂ ಆ ಹುಡುಗನದೇ. ಪೊಲೀಸರಿಗೆ ಹೆದರಿ ಆ ಹುಡುಗ ಅವತ್ತೇ ಊರು ಬಿಟ್ಟ, ಮತ್ತೆ ಬರಲಿಲ್ಲ. ಜೊವೆನ್‌ನ ತಾಯಿ ಲುಡಿವಿನಾ, ಲುಡಿ ಅನ್ನುತ್ತಿದ್ದೆವು, ಕುವೈತಿನಲ್ಲಿ ಮನೆಗೆಲಸಕ್ಕಿದ್ದಳು. ಗಂಡ ಬಿಟ್ಟುಹೋದ ಮೇಲೆ ಮಗನನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಹೋದವಳು. ಆ ತಾಯಿಯೇ ಲೋಲಾ ಪಟ್ರಿಂಗ್. ಲೋಲಾ ಎಂದರೆ ಅಜ್ಜಿ; ಪಟ್ರಿಂಗ್ ಇಡೀ ಕೇರಿಗೇ ಅಜ್ಜಿ.

ಹುಡುಗನ ಮುಖದ ಬಲಗಡೆ ಏನೂ ಆಗಿರಲಿಲ್ಲ, ನಿದ್ದೆ ಮಾಡಿದ ಹಾಗಿತ್ತು. ಎಡಗಡೆ ಕೆನ್ನೆಯ ಮೂಳೆ ಒಳಗೆ ಹೋಗಿತ್ತು, ಕಣ್ಣಿನ ಜಾಗದಲ್ಲಿ ಕಣ್ಣಿರಲಿಲ್ಲ. ಮೇಣ ತುಂಬಿದೆ, ಬಣ್ಣ ಹಚ್ಚಿದೆ, ಕೂದಲನ್ನು ಎಳೆದು ಹಣೆಗೆ ಬಿಟ್ಟೆ. ನನ್ನ ಕೈಲಾದದ್ದೆಲ್ಲ ಮಾಡಿದೆ. ಬಾಗಿಲಲ್ಲಿ ನಿಂತು ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು, ಹತ್ತಿರ ಬಂದರೆ ಇಲ್ಲ.

ಲುಡಿ ಪಕ್ಕದ ಮನೆಗೆ ಫೋನು ಮಾಡಿದಳು. ಆಗಿನ್ನೂ ಮುಖ ನೋಡುತ್ತಾ ಮಾತಾಡುವ ಫೋನು ನಮ್ಮೂರಿಗೆ ಬಂದಿರಲಿಲ್ಲ. ಅವಳ ಯಜಮಾನಿ ಬಿಡುವುದಿಲ್ಲ ಎಂದಿದ್ದಳು. "ಅಮ್ಮ, ನನಗೆ ಅವನ ಮುಖ ಬೇಕು. ನೊಂಗ್ ಕಾರ್ಪೊ ಹತ್ರಾನೇ ತೆಗೆಸು. ಮುಖ ಸರಿಯಾಗಿ ಕಾಣ್ಬೇಕು," ಎಂದು ಅಳುತ್ತಾ ಕೂಗಿದ್ದು ಫೋನಿನ ಹೊರಗೂ ಕೇಳುತ್ತಿತ್ತು. ಮುದುಕಿ ಆಯಿತು ಎಂದಳು. ಆದರೆ ಏಟು ಎಲ್ಲಿ ಬಿತ್ತು ಎಂದು ಹೇಳಲಿಲ್ಲ. ಹೊರದೇಶದಲ್ಲಿ ದುಡಿಯುವವರಿಗೆ ಕೆಟ್ಟದ್ದನ್ನು ಪೂರ್ತಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪನಿಗೆ ಕ್ಯಾನ್ಸರ್ ಆದರೆ ಕೆಮ್ಮು ಎನ್ನುತ್ತೇವೆ, ಮನೆ ಸುಟ್ಟರೆ ಸೂರು ಸೋರುತ್ತಿದೆ ಎನ್ನುತ್ತೇವೆ. ಅಲ್ಲಿ ಒಬ್ಬಳೇ ಇದ್ದಾಳೆ, ಅತ್ತರೆ ಕಣ್ಣೊರೆಸುವವರು ಯಾರು ಎಂಬುದು ನಮ್ಮ ಕರುಣೆ.

ಮಧ್ಯಾಹ್ನ ಕಾರ್ಪೊ ಬಂದ. ಹೊದಿಕೆಯನ್ನು ನಾನೇ ಹಿಡಿದೆ. ಯಾವಾಗಿನಂತೆ ಫ್ಲ್ಯಾಶ್ ತಿರುಗಿಸಿದ, ಇಳಿಸಿದ, ತೆಗೆದ. ಸ್ಕ್ರೀನಿನಲ್ಲಿ ನೋಡಿದವನು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡ. ಪಕ್ಕದಿಂದ ಬಂದ ಮೆತ್ತನೆಯ ಬೆಳಕಿಗೆ ತಗ್ಗು ಎಲ್ಲಿದೆ, ಮೇಣ ಎಲ್ಲಿದೆ ಎಲ್ಲ ಎದ್ದು ಕಾಣುತ್ತಿತ್ತು. ಅವನು ಒಳ್ಳೆಯ ಕೆಲಸಗಾರ, ಅದಕ್ಕೇ ಹಾಗೆ ಬಂದಿತ್ತು. ಅಷ್ಟರಲ್ಲಿ ಲೋಲಾ ಪಟ್ರಿಂಗ್ ಅವನ ಮೊಣಕೈ ಹಿಡಿದು ಇಣುಕಿಯೇಬಿಟ್ಟಳು.

"ಅಯ್ಯೋ, ಅಯ್ಯೋ! ಅಳಿಸೋ ಇದನ್ನ. ನನ್ನ ಮಗಳು ಇದನ್ನ ನೋಡಿದ್ರೆ ಆ ಮನೆಯ ಮಹಡಿಯಿಂದ ಹಾರ್ತಾಳೆ. ಅಳಿಸೋ ಕಾರ್ಪೊ, ನಿನ್ನ ಕಾಲಿಗೆ ಬೀಳ್ತೀನಿ."

"ಲೋಲಾ, ಅವಳೇ ಮುಖ ಬೇಕು ಅಂದಿದಾಳಲ್ಲ."

"ಅವಳಿಗೇನು ಗೊತ್ತು? ಅಳಿಸು ಅಂದ್ರೆ ಅಳಿಸು!"

ಅವನು ನನ್ನ ಕಡೆ ನೋಡಿದ. ಮುದುಕಿ ನಿಜವಾಗಿಯೂ ಬಗ್ಗಿ ಅವನ ಪಾದ ಹಿಡಿಯಲು ಹೊರಟಿದ್ದಳು. ಅವನು ಗುಂಡಿ ಒತ್ತಿದ, ಚಿತ್ರ ಹೋಯಿತು. ರೀಲಿನ ಕಾಲದಲ್ಲಾಗಿದ್ದರೆ ಎಲ್ಲೋ ಒಂದು ಕಡೆ ಉಳಿದಿರುತ್ತಿತ್ತು.

ಆಮೇಲೆ ಹೊದಿಕೆ ಮಡಚು ಎಂದ. ಫ್ಲ್ಯಾಶಿನ ತಲೆಯನ್ನು ಮುಂದಕ್ಕೆ ತಿರುಗಿಸಿ ನೇರ ಮಾಡಿದ, ಶಕ್ತಿಯನ್ನು ಪೂರ್ತಿ ಏರಿಸಿದ. ಓರೆಯಾಗಿ ನಿಲ್ಲುವವನು ಸ್ಟೂಲನ್ನು ಪೆಟ್ಟಿಗೆಗೆ ತಾಗಿಸಿ, ಮುಖದ ನೇರಕ್ಕೇ ಬಾಗಿ ನಿಂತ. ಫ್ಲ್ಯಾಶಿಗೆ ತನ್ನ ತೆಳು ಕರವಸ್ತ್ರ ಸುತ್ತಿದ, ಬೆಳಕಿನ ಅಂಚು ಹರಿತವಾಗಿ ಕಾಣದಿರಲಿ ಎಂದು. ಏನು ಮಾಡುತ್ತಿದ್ದಾನೆಂದು ನನಗೆ ಗೊತ್ತಾಯಿತು. ಸುಮ್ಮನೆ ಕಲೆ ಬೀಳಿಸಿ ಕೆಟ್ಟ ಫೋಟೊ ಕೊಡಲು ಅವನ ಕೈಗೆ ಬರುತ್ತಿರಲಿಲ್ಲ. ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದ. ಅಂಗಿಯ ಗುಂಡಿ ಸ್ಪಷ್ಟ, ಜಪಮಾಲೆಯ ಮಣಿ ಮಣಿಯೂ ಸ್ಪಷ್ಟ. ಮುಖದ ಜಾಗದಲ್ಲಿ ಮಾತ್ರ ಪಾದ್ರಿ ನಾಲಿಗೆಯ ಮೇಲಿಡುವ ಪರಮಪ್ರಸಾದದ ಬಿಲ್ಲೆಯ ಹಾಗೆ ದುಂಡಗಿನ ಬೆಳ್ಳನೆ ಬೆಳಕು, ಅಂಚಿನಲ್ಲಿ ನಿಧಾನವಾಗಿ ಕರಗಿತ್ತು.

ಲೋಲಾ ಪಟ್ರಿಂಗ್ ನೋಡಿದಳು. ಶಿಲುಬೆಯ ಗುರುತು ಹಾಕಿಕೊಂಡಳು. "ದೇವರೇ! ಬೆಳಕು ಇಳಿದು ಬಂತು. ಮಗೂನ ಮುಖದ ಮೇಲೆ ಬೆಳಕು ಇಳಿದು ಬಂತು!" ಎಂದು ಕೂಗಿದಳು. ಇಸ್ಪೀಟು ಆಡುತ್ತಿದ್ದವರು ಎದ್ದು ಓಡಿಬಂದರು. ಹೆಂಗಸರು ಮಂಡಿಯೂರಿದರು. ಅದು ಫ್ಲ್ಯಾಶು, ನಾನು ಬಿಟ್ಟದ್ದು ಎಂದು ಕಾರ್ಪೊ ಆಗ ಹೇಳಬೇಕಿತ್ತು. ಬಾಯಿ ತೆರೆದ. ಸುದ್ದಿ ಬಂದಾಗಿನಿಂದ ಒಂದು ತುತ್ತು ತಿನ್ನದ ಮುದುಕಿ ನಗುತ್ತಿದ್ದಳು. ಬಾಯಿ ಮುಚ್ಚಿಕೊಂಡ.

ಹೊರಗೆ ಬಂದ ಮೇಲೆ ನಾನು ಅವನನ್ನು ಹಿಡಿದುಕೊಂಡೆ. "ಇದೇನು ಮಾಡ್ದೆ ನೊಂಗ್?"

"ನಾಲ್ಕು ದಿನ ಹೋದ್ರೆ ಮರೀತಾರೆ ಬಿಡು."

ಮರೆಯಲಿಲ್ಲ. ಆ ಫೋಟೊ ಕುವೈತಿಗೆ ಹೋಯಿತು, ಅದರ ಪ್ರತಿಗಳು ಕೇರಿಯ ಮನೆಮನೆಗೂ ಹೋದವು, ಪಾದ್ರಿಯ ಮೇಜಿಗೂ ಹೋಯಿತು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಪ್ರಾರ್ಥನೆ ಮಾಡಿ ಎಂದರು. ಅಷ್ಟು ಸಾಕಿತ್ತು. ಮುಂದಿನ ಸಾವಿನ ಮನೆಯಲ್ಲಿ ಕಾರ್ಪೊ ಹೊದಿಕೆ ಬಿಚ್ಚಿದರೆ, "ಅದು ಬೇಡ ನೊಂಗ್, ಬೆಳಕು ಬರುತ್ತೇನೋ ನೋಡಿ," ಎಂದರು. ಅವನು ಆಗುವುದಿಲ್ಲ ಎಂದ. ಆಮೇಲೆ ನೇಣು ಹಾಕಿಕೊಂಡವನೊಬ್ಬನ ವಿಧವೆ ಬಂದಳು. ಗಂಡ ನರಕಕ್ಕೆ ಹೋದ ಎಂದು ಅತ್ತೆ ಮನೆಯವರು ಚುಚ್ಚಿ ಚುಚ್ಚಿ ಅವಳು ಅರ್ಧವಾಗಿದ್ದಳು. "ಒಂದೇ ಒಂದು ಫೋಟೊ ನೊಂಗ್," ಎಂದಳು. ಅವಳಿಗೆ ಇಲ್ಲ ಎನ್ನಲಾಗಲಿಲ್ಲ. ಅಲ್ಲಿಂದ ಮುಂದೆ ಯಾರಿಗೂ ಎನ್ನಲಾಗಲಿಲ್ಲ. ಎಷ್ಟೋ ಮನೆಗಳ ಗೋಡೆಯ ಮೇಲೆ ಮುಖವಿಲ್ಲದ ಸತ್ತವರು ಕಟ್ಟು ಹಾಕಿಸಿಕೊಂಡು ಕೂತರು. ಅವನು ಕುಡಿಯುವುದು ಹೆಚ್ಚಾಯಿತು, ನನ್ನ ಜೊತೆ ಜಗಳವಾಡುವುದು ನಿಂತಿತು. ಪೌಡರು ಜಾಸ್ತಿಯಾದರೂ ಕೇಳುವವರಿಲ್ಲ. ನನಗೆ ಅದೇ ಹೆಚ್ಚು ಸಂಕಟ ಕೊಟ್ಟಿತು.

ಆದರೆ ಅವನನ್ನು ಒಳಗೊಳಗೇ ತಿಂದದ್ದು ಲುಡಿಯ ವಿಷಯ. ಫೋಟೊ ಕೈಸೇರಿದ ಮೇಲೆ ಅವಳು ಫೋನು ಮಾಡಿದಳು. ಅಳಲಿಲ್ಲ.

"ಅಮ್ಮ, ಗಾಡಿ ಅವನದಲ್ಲ. ಅಂಗಿ ಅವನದಲ್ಲ. ಮುಖ ದೇವರೇ ಮುಚ್ಚಿಬಿಟ್ಟ. ಯಾಕೆ ಮುಚ್ಚಿದ? ಅದು ನನ್ನ ತೊತೊ ಅಲ್ಲ ಅಂತ ನನಗೆ ಹೇಳೋಕೆ."

ತೊತೊ ಎಂದರೆ ನಮ್ಮಲ್ಲಿ ಗಂಡುಮಗುವನ್ನು ಮುದ್ದಿಗೆ ಕರೆಯುವುದು. ಮುದುಕಿ ಅಲ್ಲಗಳೆಯುವುದು ಹೇಗೆ? ಬೆಳಕು ಬಂದದ್ದು ನಿಜ ಎಂದು ಅವಳೇ ಸಾರಿದ್ದಳಲ್ಲ. ಸತ್ತವನು ಆ ಪರ ಊರಿನ ಹುಡುಗ, ತನ್ನ ಮಗ ಹೆದರಿ ಮನಿಲಾ ಕಡೆ ಓಡಿದ್ದಾನೆ ಎಂದು ಲುಡಿ ಗಟ್ಟಿಮಾಡಿಕೊಂಡಳು. ವರ್ಷಕ್ಕೊಂದು ದೊಡ್ಡ ಪೆಟ್ಟಿಗೆ ಕಳಿಸುತ್ತಿದ್ದಳು: ಸೋಪು, ಟಿನ್ನಿನ ಮಾಂಸ, ಜೊವೆನ್‌ಗೆ ಪ್ಯಾಂಟು. ಪ್ರತಿ ವರ್ಷ ಸೊಂಟದ ಅಳತೆ ಒಂಚೂರು ದೊಡ್ಡದು. ಮುದುಕಿ ಅವನ್ನು ಮಂಚದ ಕೆಳಗೆ ಜೋಡಿಸಿಡುತ್ತಿದ್ದಳು. ಜೋಡಿಸುತ್ತಾ ಜೋಡಿಸುತ್ತಾ ಒಂದು ದಿನ ಅವಳೂ ಹೋದಳು.

ನಮ್ಮ ಸ್ಮಶಾನದಲ್ಲಿ ಬಡವರಿಗೆ ಗೋಡೆಯಲ್ಲಿ ಗೂಡು, ಅದೂ ಐದು ವರ್ಷದ ಬಾಡಿಗೆಗೆ. ಅವಧಿ ಮುಗಿದ ಮೇಲೆ ಮನೆಯವರು ಬಂದು ಮೂಳೆಗಳನ್ನು ತೆಗೆದುಕೊಂಡು ಸಣ್ಣ ಜಾಗಕ್ಕೆ ಸೇರಿಸಬೇಕು. ಯಾರೂ ಬರದಿದ್ದರೆ, ಸತ್ತವರನ್ನು ನೆನೆಯುವ ಸಕಲ ಆತ್ಮರ ದಿನಕ್ಕೆ ಮುಂಚೆ ಕಾವಲುಗಾರ ಗೂಡು ಒಡೆದು ಎಲ್ಲವನ್ನೂ ಹಿಂದಿನ ಗುಂಡಿಗೆ ಸುರಿಯುತ್ತಾನೆ. ಅಲ್ಲಿ ಯಾರ ಮೂಳೆ ಯಾರದೆಂದು ಆ ದೇವರಿಗೂ ಗೊತ್ತಾಗದು. ಜೊವೆನ್‌ನ ಗೂಡಿನ ಅವಧಿ ಮುಗಿದ ವರ್ಷವೇ ಲುಡಿ ಊರಿಗೆ ಬಂದಳು. ಕಾವಲುಗಾರ ಮನೆಗೆ ಹೋಗಿ ಹೇಳಿದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. "ಯಾರದೋ ಮಗನ ಮೂಳೆ ನಾನು ಯಾಕೆ ಹೊರಲಿ? ಅವನ ತಾಯಿನ ಹುಡುಕಿ."

ಈ ಮಾತು ನನ್ನ ಬಾಯಿಂದಲೇ ಕಾರ್ಪೊಗೆ ಮುಟ್ಟಿತು. ಅವನು ಊಟದ ತಟ್ಟೆ ಬದಿಗಿಟ್ಟ.

"ಗುಂಡಿಗೆ ಹಾಕ್ತಾರಾ?"

"ಸೋಮವಾರ ಒಡೀತಾರಂತೆ."

ಅವಳೇ ಮರುದಿನ ಅವನ ಮನೆಗೆ ಬಂದಳು, ನಾನೂ ಅಲ್ಲಿದ್ದೆ. ಕೂದಲು ಅರ್ಧ ಬೆಳ್ಳಗಾಗಿತ್ತು, ಕೈ ಸೋಪಿನ ನೀರಿಗೆ ಬಿರುಕು ಬಿಟ್ಟಿತ್ತು. ಆ ಫೋಟೊವನ್ನು ಪ್ಲಾಸ್ಟಿಕ್ ಹಾಕಿಸಿ ಚೀಲದಲ್ಲಿಟ್ಟುಕೊಂಡಿದ್ದಳು.

"ನೊಂಗ್, ಅವತ್ತು ನೀವೇ ಅಲ್ಲಿದ್ರಿ. ಬೆಳಕು ಇಳಿದಾಗ ನಿಮಗೆ ಏನನ್ನಿಸ್ತು?"

"ಇಳೀಲಿಲ್ಲ, ಇಂದೈ." ಚಿಕ್ಕವಳನ್ನು ಕರೆಯುವ ಹಾಗೆ ಮೆಲ್ಲಗೆ ಕರೆದ. "ನಾನೇ ಬಿಟ್ಟಿದ್ದು. ಫ್ಲ್ಯಾಶು. ಬೇಕಂತಲೇ ಬಿಟ್ಟೆ. ಅದು ನಿನ್ನ ಮಗಾನೇ."

ಅವಳು ನಕ್ಕಳು. "ಪಾದ್ರಿ ಹೇಳಿಕೊಟ್ರಾ? ಇಲ್ಲಾ ಆ ಸ್ಮಶಾನದವನಾ? ಗೂಡಿನ ಬಾಡಿಗೆ ಕಟ್ಟಿಸಿಕೊಳ್ಳೋಕೆ ಎಲ್ಲಾ ಒಂದಾಗಿದೀರಿ."

"ನಿನ್ನಾಣೆ."

"ನನ್ನಾಣೆ ಇಡ್ಬೇಡಿ. ನನ್ನ ಮಗ ಬರ್ತಾನೆ, ಅವನ ಮುಂದೆ ಇಡಿ."

ಕಾರ್ಪೊ ಎದ್ದು ಕಪ್ಪು ಅಂಗಿ ಹಾಕಲಿಲ್ಲ, ಮೈಮೇಲಿದ್ದ ಬನಿಯನ್ನಿನಲ್ಲೇ ಕ್ಯಾಮೆರಾ, ಫ್ಲ್ಯಾಶು, ಹೊದಿಕೆ ಎಲ್ಲ ಎತ್ತಿಕೊಂಡ. "ನನ್ನ ಮಾತು ನಂಬ್ಬೇಡ. ನೀನೇ ತೆಗಿ ಬಾ," ಎಂದ.

ನಮ್ಮ ಅಂಗಡಿಗೆ ಕರೆತಂದ. ಧಣಿ ಊಟಕ್ಕೆ ಹೋಗಿದ್ದ. ಹಿಂದಿನ ಕೋಣೆಯಲ್ಲಿ ಒಂದು ಹೊಸ ಪೆಟ್ಟಿಗೆ, ಒಳಗೆ ಬಿಳಿ ರೇಷ್ಮೆ ಬಟ್ಟೆ. ಕಾರ್ಪೊ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದಾಗ ಏನು ಮಾಡಹೊರಟಿದ್ದಾನೆಂದು ನನಗೆ ಅರ್ಥವಾಯಿತು.

"ಏ ನೊಂಗ್! ಹುಚ್ಚು ಹಿಡೀತಾ? ಉಸಿರಿರೋರು ಮಲಗಬಾರ್ದು ಅದರಲ್ಲಿ. ಸಾವನ್ನ ಕರೆದು ಕೂರಿಸಿದ ಹಾಗೆ!"

"ಬರ್ಲಿ ಬಿಡು. ಪರಿಚಯದವನೇ ತಾನೆ," ಎಂದು ಕಾಲು ಒಳಗೆ ಹಾಕಿದ. ಮಲಗುವ ಮುಂಚೆ ಕ್ಯಾಮೆರಾವನ್ನು ಲುಡಿಯ ಕೈಗೆ ಕೊಟ್ಟು ಎಲ್ಲ ಹೇಳಿದ. ಈ ಗುಂಡಿ ಒತ್ತು. ಫ್ಲ್ಯಾಶಿನ ತಲೆ ಈಗ ನೇರ ಇದೆ, ಶಕ್ತಿ ಪೂರ್ತಿ ಇದೆ. ಸ್ಟೂಲಿನ ಮೇಲೆ ನಿಂತು ನನ್ನ ಮುಖದ ಮೇಲೇ ಬಾಗು, ಒತ್ತು, ಹಿಂದೆ ನೋಡು. ಆಮೇಲೆ ತಲೆಯನ್ನು ಸೋಲಿಂಗ್ ಹಿಡಿದ ಹೊದಿಕೆಯ ಕಡೆ ತಿರುಗಿಸು, ಈ ಚಕ್ರವನ್ನು ಕಾಲು ಭಾಗಕ್ಕೆ ಇಳಿಸು, ಸ್ವಲ್ಪ ಹಿಂದೆ ಸರಿ, ಮತ್ತೆ ಒತ್ತು. ಹೇಳಿ ಮುಗಿಸಿ ಕೈಗಳನ್ನು ಎದೆಯ ಮೇಲೆ ಜೋಡಿಸಿ ಮಲಗಿದ. ಗಾಜು ಮುಚ್ಚಲು ನನ್ನ ಕೈ ಬರಲಿಲ್ಲ. ಅವನೇ ಒಳಗಿನಿಂದ ಎಳೆದುಕೊಂಡ.

ಲುಡಿ ಸ್ಟೂಲು ಹತ್ತಿದಳು. ಇನ್ನೂ ತುಟಿಯ ಮೇಲೆ ತಾತ್ಸಾರದ ನಗುವಿತ್ತು. ಬಾಗಿ ಒತ್ತಿದಳು. ಕೋಣೆಯೆಲ್ಲ ಬೆಳ್ಳಗಾಯಿತು. ಸ್ಕ್ರೀನು ನೋಡಿದಳು. ಬನಿಯನ್ನು ಕಾಣುತ್ತಿತ್ತು, ಕೈಬೆರಳು ಕಾಣುತ್ತಿತ್ತು, ಮುಖದ ಜಾಗದಲ್ಲಿ ಬೆಳಕು. ಗಾಜಿನಡಿ ನೋಡಿದಳು. ಕಾರ್ಪೊ ಬೆವರುತ್ತಾ ಕಣ್ಣು ಪಿಳುಕಿಸುತ್ತಿದ್ದ. ಮತ್ತೆ ಒತ್ತಿದಳು, ಮತ್ತೆ ಬೆಳಕು. ಮತ್ತೆ ಮತ್ತೆ ಒತ್ತಿದಳು. ನಗು ಯಾವಾಗ ಹೋಯಿತೋ ನಾನು ನೋಡಲಿಲ್ಲ.

ನಾನು ಹೊದಿಕೆ ಹಿಡಿದು ನಿಂತೆ. "ತಿರುಗಿಸು ಇಂದೈ," ಎಂದೆ.

ತಿರುಗಿಸಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಹಾಗೇ ಇಳಿದು ಹೊರಟುಬಿಡುತ್ತಾಳೆ ಎಂದುಕೊಂಡೆ. ಹೋಗಿದ್ದರೆ ಅವಳ ಮಗ ಅವಳ ಪಾಲಿಗೆ ಬದುಕಿಯೇ ಇರುತ್ತಿದ್ದ, ಮೂಳೆಗಳು ಗುಂಡಿಗೆ ಹೋಗುತ್ತಿದ್ದವು. ಅವಳು ಹೋಗಲಿಲ್ಲ. ಬಿರುಕು ಬಿಟ್ಟ ಬೆರಳಿನಿಂದ ಫ್ಲ್ಯಾಶಿನ ತಲೆಯನ್ನು ತಾನೇ ಹೊದಿಕೆಯ ಕಡೆ ತಿರುಗಿಸಿದಳು. ಚಕ್ರ ಇಳಿಸಿದಳು. ಹಿಂದೆ ಸರಿದು ಒತ್ತಿದಳು.

ಸ್ಕ್ರೀನಿನಲ್ಲಿ ಕಾರ್ಪೊನ ಮುಖ ಬಂತು. ನರೆತ ಗಡ್ಡ, ಸುಕ್ಕು, ಕಿವಿಯ ಕಡೆಗೆ ಇಳಿಯುತ್ತಿದ್ದ ಕಣ್ಣೀರು. ಗಾಜು ಇಲ್ಲವೇ ಇಲ್ಲ ಎನ್ನುವಂತೆ ಎಲ್ಲವೂ ಇತ್ತು.

"ನನ್ನ ತೊತೊನೂ ಹೀಗೇ ಕೆಳಗಿದ್ನಾ?" ಎಂದಳು.

"ಇದ್ದ," ಎಂದೆ. "ನಾನೇ ತಲೆ ಬಾಚಿದ್ದು."

ಅವಳ ಕಣ್ಣಿಂದ ನೀರು ಗಾಜಿನ ಮೇಲೆ ಬೀಳತೊಡಗಿತು. ಅಭ್ಯಾಸದಿಂದ ನಾನು ಅವಳ ಭುಜ ಹಿಡಿದು ಎಳೆಯಲು ಹೋದೆ. ನನ್ನ ಕೈ ಕೊಡವಿದಳು. ಅವಳು ಕೂಗಿದ್ದು ಕೇಳಿ ಎದುರಿನ ಬೇಕರಿಯವರು ಓಡಿಬಂದರು, ಪೆಟ್ಟಿಗೆಯಿಂದ ಕಾರ್ಪೊ ಎದ್ದು ಕೂರುವುದನ್ನು ಕಂಡು ಬಂದಷ್ಟೇ ಬೇಗ ಓಡಿಹೋದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಗೋಡೆಗಳ ಮೇಲಿನ ಫೋಟೊಗಳನ್ನು ಕಿತ್ತು ಅವನ ಮನೆಯ ಮುಂದೆ ಎಸೆದರು. ನೇಣು ಹಾಕಿಕೊಂಡವನ ವಿಧವೆ ಮಾತ್ರ ಎಸೆಯಲಿಲ್ಲ, ಬಂದು ಅವನ ಮುಖಕ್ಕೆ ಉಗಿದು ಹೋದಳು. ಅವನು ಒರೆಸಿಕೊಳ್ಳಲಿಲ್ಲ. ಆಮೇಲೆ ಅವನನ್ನು ಯಾವ ಸಾವಿನ ಮನೆಗೂ ಯಾರೂ ಕರೆಯಲಿಲ್ಲ.

ಆದರೆ ಸೋಮವಾರ ಬೆಳಿಗ್ಗೆ ಸ್ಮಶಾನಕ್ಕೆ ಹೋದವರು ನಾವು ಮೂವರು: ಲುಡಿ, ನಾನು, ಕಾರ್ಪೊ. ಕಾವಲುಗಾರ ಸುತ್ತಿಗೆಯಿಂದ ಗೂಡಿನ ಬಾಯಿ ಒಡೆದು, ಮರದ ಚೂರುಗಳ ನಡುವಿನಿಂದ ಒಂದೊಂದೇ ತೆಗೆದು ಬಟ್ಟೆಯ ಮೇಲೆ ಇಟ್ಟ. ಕಾರ್ಪೊ ಕ್ಯಾಮೆರಾ ತಂದಿದ್ದ. ಕೊನೆಗೊಂದು ಚಿತ್ರವಾದರೂ ಸರಿಯಾಗಿ ತೆಗೆದುಕೊಡುತ್ತೇನೆ ಎಂದುಕೊಂಡಿದ್ದನೋ ಏನೋ, ಲೆನ್ಸಿನ ಮುಚ್ಚಳ ತೆಗೆದ.

"ಬೇಡ ನೊಂಗ್," ಎಂದಳು ಲುಡಿ. "ಇವತ್ತು ನಾನೇ ಬಂದಿದೀನಿ. ನಾನೇ ನೋಡ್ತೀನಿ."

ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅಂಗಿಯ ತುದಿಯಿಂದ ಮಣ್ಣು ಒರೆಸಿದಳು. ಎಡಗಡೆ ಕೆನ್ನೆಯ ಮೂಳೆ ಇರಲಿಲ್ಲ, ಅಂಗೈಯಷ್ಟು ತೂತು ಇತ್ತು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ನೆಲದ ಮೇಲೆ ಕೂತುಬಿಟ್ಟಳು.

"ಇಷ್ಟೊಂದು ಪೆಟ್ಟಾಗಿತ್ತಾ ತೊತೊ? ನನಗೆ ಯಾರೂ ಹೇಳಲೇ ಇಲ್ಲ ಕಣೋ," ಎಂದಳು.